ಸಿಸ್ಟರ್‌ಗೊಂದು ಪತ್ರ: ಬಿಟ್ಟ ಜ್ವರ ಮತ್ತು ಬೆಟ್ಟದ ಉಣುಗು

ಅಡಿಕೆ ಕೊಯ್ಲು ಮುಗಿದು ಬೆಟ್ಟದಲ್ಲಿ ದರಕು (ಒಣಗಿದ ತರಗೆಲೆ) ಗುಡಿಸುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ವಿಷಯದವು. ಈ ಸಲ ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆಯೇ. ಸಿದ್ದಾಪುರ, ಶಿರಸಿ ಕಡೆಯ ಉಪಕೇಂದ್ರಗಳಲ್ಲಿ ಮೂವತ್ತು ವರ್ಷ ಓಡಾಡಿದವಳು ನಾನು. ಎಎನ್ಎಂ, ಅಂದರೆ ಹಳ್ಳಿಯ ಕಿರಿಯ ಆರೋಗ್ಯ ಸಹಾಯಕಿ ಅಂತ ಸೇರಿದ್ದೆ, ನಿವೃತ್ತಿಯ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಉದ್ದದ ಹೆಸರು ಬಂತು. ಊರಿನವರಿಗೆ ಮಾತ್ರ ಕೊನೆತನಕ ಸಿಸ್ಟರ್. ಈ ಕಾಯಿಲೆಯ ಮಾತು ಬಂದರೆ ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಸಹಿಸಿಕೊಳ್ಳಿ.

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮನೆಯವರಿಗೆ ಹದಿನೈದು ದಿನದ ಹಿಂದೆ ಜೋರು ಜ್ವರ ಬಂತು. ತಲೆನೋವು, ಸೊಂಟನೋವು, ಕಣ್ಣು ಕೆಂಪು. ರಕ್ತ ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಗೊತ್ತಾಯಿತು. ಆರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಈಗ ಜ್ವರ ಇಲ್ಲ. ಆದರೆ ಅತ್ತೆಯವರು ಮಗುವನ್ನು ಅಪ್ಪನ ಹತ್ತಿರ ಬಿಡುತ್ತಿಲ್ಲ, ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಇವರು ನೋಡಿದರೆ ನಾಳೆಯಿಂದ ತೋಟಕ್ಕೆ ಹೋಗುತ್ತೇನೆ ಅಂತಾರೆ. ಏನು ಮಾಡಲಿ?
— ಹೆಸರು ಬೇಡ ಎಂದವರು, ಸಿದ್ದಾಪುರ ತಾಲೂಕು

ಉತ್ತರ: ಮೊದಲು ಆ ತಟ್ಟೆ ಲೋಟವನ್ನು ಒಟ್ಟಿಗೇ ಇಡಿ ತಂಗಿ. ಮಗು ಅಪ್ಪನ ತೊಡೆಯ ಮೇಲೆ ಕೂರಲಿ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕೆಮ್ಮಿದರೂ ಬರುವುದಿಲ್ಲ, ಎಂಜಲಿನಿಂದಲೂ ಬರುವುದಿಲ್ಲ. ವೈರಸ್ ಇರುವ ಉಣುಗು ಕಚ್ಚಬೇಕು.

ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಜ್ವರ ಬಂದದ್ದನ್ನು ಅವರೂ ನೋಡಿರುತ್ತಾರೆ. ನಾನೂ ನೋಡಿದ್ದೇನೆ. ಒಂದು ಮನೆಯಲ್ಲಿ ಮೊದಲು ಮಗನಿಗೆ ಬಂತು, ನಾಲ್ಕು ದಿನ ಬಿಟ್ಟು ಅಜ್ಜಿಗೆ. ಅಜ್ಜಿ ಬೆಟ್ಟಕ್ಕೆ ಹೋಗದೆ ಏಳೆಂಟು ವರ್ಷವಾಗಿತ್ತು. ‘ಮಗನ ಸೇವೆ ಮಾಡಿ ಅಂಟಿಸಿಕೊಂಡಳು’ ಅಂತ ಇಡೀ ಕೇರಿಯೇ ತೀರ್ಪು ಕೊಟ್ಟಾಗಿತ್ತು. ನಾನು ಜಗುಲಿಯಲ್ಲಿ ಕೂತು ಅಜ್ಜಿಯ ದಿನಚರಿಯನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಬೆಳಿಗ್ಗೆ ಎದ್ದು ಏನು ಮಾಡ್ತೀರಿ, ಆಮೇಲೆ, ಅದರ ಮೇಲೆ? ಆಗ ಸಿಕ್ಕಿತು. ಮಗ ಬೆಟ್ಟದಿಂದ ದರಕು ಹೊತ್ತು ತಂದು ಕೊಟ್ಟಿಗೆಯ ಪಕ್ಕ ರಾಶಿ ಹಾಕುತ್ತಿದ್ದ. ಅದನ್ನು ಬರಿಗೈಯಲ್ಲಿ ಬಾಚಿ ದನಗಳ ಕಾಲಡಿಗೆ ಹರಡುತ್ತಿದ್ದವಳು ಅಜ್ಜಿ! ಬೆಟ್ಟಕ್ಕೆ ಅವಳು ಹೋಗಿರಲಿಲ್ಲ, ಬೆಟ್ಟವೇ ಅವಳ ಹತ್ತಿರ ಬಂದಿತ್ತು. ಹಾಗಾಗಿ ಈ ವರ್ಷ ದರಕಿನ ರಾಶಿಯನ್ನು ಮನೆಯಿಂದ ದೂರ ಇಡಿಸಿ. ಅತ್ತೆಯವರು ಅದರ ಮೇಲೆ ಕೂರುವುದು, ಮಗು ಅದರಲ್ಲಿ ಆಡುವುದು ಬೇಡ.

ಈಗ ಮುಖ್ಯ ಮಾತು. ಜ್ವರ ಬಿಟ್ಟಿದೆ ಅಂತ ಸುಮ್ಮನಾಗಬೇಡಿ. ಕೆಲವರಿಗೆ, ನೂರರಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ, ಇದು ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ. ಎರಡನೇ ಸಲ ಬಂದಾಗ ಹಿಡಿಯುವುದು ತಲೆಯನ್ನು. ವಿಪರೀತ ತಲೆನೋವು, ಕುತ್ತಿಗೆ ಬಿಗಿಯುವುದು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ತಪ್ಪುವುದು. ನಿಮ್ಮವರು ಈಗ ಸರಿಯಾಗಿ ಆ ಗಡುವಿನೊಳಗೇ ಇದ್ದಾರೆ. ಇದರಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೂಲಿ ಕೆಲಸದ ಒಬ್ಬ ಹೆಂಗಸು ಜ್ವರ ಅಂತ ಬಂದಳು. ಮಾತ್ರೆ ಕೊಟ್ಟೆ. ಎಲ್ಲಿ ಕೆಲಸ ಮಾಡ್ತೀಯಾ ಅಂತ ಕೇಳಲಿಲ್ಲ. ವಾರದಲ್ಲಿ ಜ್ವರ ಇಳಿಯಿತು, ನಾನು ಮರೆತೂಬಿಟ್ಟೆ. ಹತ್ತು ಹನ್ನೆರಡು ದಿನದ ಮೇಲೆ ಅವಳ ಗಂಡ ಓಡಿಬಂದ. ಅವಳಿಗೆ ಮಗನ ಗುರುತೇ ಸಿಗುತ್ತಿರಲಿಲ್ಲ. ಪುಣ್ಯಕ್ಕೆ ಉಳಿದಳು. ಆದರೆ ತಿಂಗಳುಗಟ್ಟಲೆ ಅವಳ ಕೈ ನಡುಗುತ್ತಿತ್ತು, ಚಹಾ ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿತ್ತು. ಆಮೇಲಿಂದ ಜ್ವರದವರ ಮನೆಗೆ ಹೋದರೆ ನಾನು ಮೊದಲು ನೋಡುವುದು ಗೋಡೆಯ ಕ್ಯಾಲೆಂಡರನ್ನು. ಜ್ವರ ಶುರುವಾದ ದಿನಕ್ಕೆ ಒಂದು ಸುತ್ತು, ಬಿಟ್ಟ ದಿನಕ್ಕೆ ಇನ್ನೊಂದು ಸುತ್ತು, ಅಲ್ಲಿಂದ ಮುಂದಿನ ಎರಡು ವಾರಕ್ಕೆ ಒಂದು ಗೆರೆ. ನೀವೂ ಹಾಗೇ ಮಾಡಿ. ಗೆರೆ ಮುಗಿಯುವತನಕ ತೋಟ ಬೇಡ. ಆಮೇಲೂ ಕೆಲವು ವಾರ ಸುಸ್ತು ಇರುತ್ತದೆ. ಅದನ್ನು ಸೋಮಾರಿತನ ಅನ್ನಬೇಡಿ.

ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ, ನೋವಿನ ಇಂಜೆಕ್ಷನ್ ಯಾವುದೂ ಬೇಡ. ಈ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ, ರಕ್ತಸ್ರಾವದ ಅಪಾಯ ಇರುತ್ತದೆ. ಪ್ಯಾರಾಸಿಟಮಾಲ್ ಸಾಕು. ಅದನ್ನೂ ವೈದ್ಯರು ಹೇಳಿದಷ್ಟೇ ಕೊಡಿ. ಗಂಜಿ, ಎಳನೀರು ಧಾರಾಳವಾಗಿ ಕುಡಿಯಲಿ.

ಪ್ರಶ್ನೆ: ನಾನು ಬಿಎಸ್‌ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ವಿದೇಶದಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳು ತಾವೇ ರೋಗಿಯನ್ನು ನೋಡಿ ಔಷಧಿ ಬರೆಯುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಔಷಧಿಯೇ ಇಲ್ಲದ ಮಂಗನ ಕಾಯಿಲೆಯಂಥದ್ದರಲ್ಲಿ ನರ್ಸ್ ಮಾಡುವುದಾದರೂ ಏನು?
— ವಿದ್ಯಾರ್ಥಿನಿ, ಕುಮಟಾ

ಉತ್ತರ: ಅಮೆರಿಕದಲ್ಲಿ ಅದು 1965ರಲ್ಲಿ ಕೊಲೊರಾಡೊದಲ್ಲಿ ಶುರುವಾದದ್ದು. ವೈದ್ಯರು ಸಿಗದ ಕಡೆ ಮಕ್ಕಳನ್ನು ನೋಡಲಿ ಅಂತ. ನಮ್ಮ ದೇಶದಲ್ಲಿ ಆ ಹೆಸರಿನ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಆದರೆ ಅದು ತೀವ್ರ ನಿಗಾ ಘಟಕದ ಕೆಲಸಕ್ಕೆ. ಹಳ್ಳಿಯಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಈಗಿನ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ. ನಿಮ್ಮಂತೆ ನರ್ಸಿಂಗ್ ಓದಿದವರೇ ಉಪಕೇಂದ್ರದಲ್ಲಿ ಕೂತು ರೋಗಿಗಳನ್ನು ನೋಡುತ್ತಾರೆ, ನಿಗದಿಪಡಿಸಿದ ಔಷಧಿ ಕೊಡುತ್ತಾರೆ.

ಹೆಸರು ಹಾಗಿರಲಿ. ಔಷಧಿ ಇಲ್ಲದ ಕಾಯಿಲೆಯಲ್ಲೇ ನರ್ಸಿಗೆ ಕೆಲಸ ಜಾಸ್ತಿ. ವೈರಸ್ಸನ್ನು ಕೊಲ್ಲುವ ಮದ್ದಿಲ್ಲ ನಿಜ. ಸೋಂಕು ತಗುಲಿದವರಲ್ಲಿ ಸಾಯುವವರು ನೂರಕ್ಕೆ ಮೂರರಿಂದ ಐದು. ಅದರೊಳಗೆ ಯಾರೂ ಸೇರದ ಹಾಗೆ ನೋಡಿಕೊಳ್ಳುವುದು ಅಂದರೆ ರಕ್ತದೊತ್ತಡ ನೋಡುವುದು, ವಸಡು ಮೂಗಿನಲ್ಲಿ ರಕ್ತ ಬಂತಾ ಅಂತ ನೋಡುವುದು, ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಅಂತ ಬರೆದಿಡುವುದು. ಇದೆಲ್ಲ ಯಾರ ಕೆಲಸ ಹೇಳಿ?

ಅದಕ್ಕೂ ಮೊದಲು ಪ್ರಶ್ನೆ ಕೇಳುವ ಕೆಲಸ. ನಿಮ್ಮ ಪುಸ್ತಕದಲ್ಲಿ ಎಪಿಡೆಮಿಯಾಲಜಿ, ಅಂದರೆ ರೋಗ ಹರಡುವ ಬಗೆ ಅಂತ ದಪ್ಪ ಅಧ್ಯಾಯ ಇರುತ್ತದೆ. ಜಗುಲಿಯಲ್ಲಿ ಅದು ಮೂರು ಪ್ರಶ್ನೆ ಅಷ್ಟೇ. ಯಾರಿಗೆ, ಎಲ್ಲಿ, ಯಾವಾಗ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಹಾಗಾಗಿ ಜ್ವರ ಶುರುವಾದ ದಿನದಿಂದ ಹಿಂದಕ್ಕೆ ಎಣಿಸಿ, ಆ ದಿನಗಳಲ್ಲಿ ಎಲ್ಲೆಲ್ಲಿ ಹೋಗಿದ್ದಿರಿ ಅಂತ ಕೇಳಬೇಕು. ತಾರೀಖು ಕೇಳಿದರೆ ಯಾರೂ ಹೇಳುವುದಿಲ್ಲ. ‘ಸೊಸೈಟಿಗೆ ಅಡಿಕೆ ಹಾಕಿದ್ದಕ್ಕಿಂತ ಮೊದಲೋ ಆಮೇಲೋ, ಮಾರಿಜಾತ್ರೆಯ ತೇರಿನ ದಿನ ಮೈ ಬಿಸಿ ಇತ್ತಾ’ ಅಂತ ಕೇಳಿ. ಥಟ್ಟನೆ ಹೇಳುತ್ತಾರೆ. ಹಾಗೆ ಐದಾರು ಜನರದ್ದು ಬರೆದರೆ ಎಲ್ಲರ ಕಾಲೂ ಒಂದೇ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಿರುವುದು ಕಾಣುತ್ತದೆ. ಅಲ್ಲಿ ಹುಡುಕಿದರೆ ಸತ್ತ ಮಂಗವೋ ಮುಸಿಯವೋ (ಕಪ್ಪು ಮುಖದ ಉದ್ದ ಬಾಲದ ಮಂಗ) ಸಿಗುವುದೂ ಉಂಟು. ಪ್ರಾಣಿ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಅದಕ್ಕೇ ಆ ಜಾಗದ ಸುತ್ತ 50 ಅಡಿ ದೂರದವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುವುದು.

ಇನ್ನೊಂದು ಸಣ್ಣ ವಿಷಯ, ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ರಕ್ತದ ಮಾದರಿ ಕಳಿಸುವಾಗ ಚೀಟಿಯಲ್ಲಿ ಜ್ವರ ಶುರುವಾದ ದಿನ ಬರೆಯಲೇಬೇಕು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಸಿಗುತ್ತದೆ, ಅದಕ್ಕೆ ಪಿಸಿಆರ್. ದಿನ ಕಳೆದ ಮೇಲೆ ಸಿಗುವುದು ಪ್ರತಿಕಾಯ, ಅದಕ್ಕೆ ಎಲೈಸಾ. ದಿನ ಬರೆಯದೆ ಕಳಿಸಿದರೆ ಯಾವುದನ್ನು ನಂಬಬೇಕು ಅಂತ ಲ್ಯಾಬಿನವರಿಗೆ ಹೇಗೆ ತಿಳಿಯಬೇಕು? ನಾನು ಕಂಡ ಖಾಲಿ ಚೀಟಿಗಳಿಗೆ ಲೆಕ್ಕವಿಲ್ಲ.

ಪ್ರಶ್ನೆ: ಮೊದಲು ಲಸಿಕೆ ಕೊಡುತ್ತಿದ್ದರು. ಈಗ ಯಾಕಿಲ್ಲ? ಬರೀ ಎಣ್ಣೆ ಹಂಚಿದರೆ ಆಯಿತಾ?
— ಕೃಷಿಕರು, ಶಿರಸಿ

ಉತ್ತರ: ಕೋಪ ಸರಿ. ಹಳೆಯ ಲಸಿಕೆ 1990ರಿಂದ ಬಳಕೆಯಲ್ಲಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಮೊದಲನೆಯದಕ್ಕೆ ಬಂದವರು ಎರಡನೆಯದಕ್ಕೆ ನನ್ನನ್ನು ಕಂಡರೆ ಹಿತ್ತಿಲ ಬಾಗಿಲಿನಿಂದ ಹೋಗುತ್ತಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ಮುಂದೆ ಅದು ಕೆಲಸ ಮಾಡುತ್ತಿಲ್ಲ ಅಂತಾಗಿ 2022ರಲ್ಲಿ ನಿಲ್ಲಿಸಿದರು.

ಎಣ್ಣೆಯನ್ನು ಹಗುರವಾಗಿ ನೋಡಬೇಡಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಎಣ್ಣೆ ಅದು. ನಮ್ಮ ಕಾಲದಲ್ಲಿ ಡಿಎಂಪಿ ಎಂಬುದಿತ್ತು, ಈಗ ಡೆಪಾ ಎಂಬುದು. ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲು, ಕುತ್ತಿಗೆಗೆ ಹಚ್ಚಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಮರಿ ಉಣುಗು ಎಳ್ಳಿನಕಾಳಿಗಿಂತ ಸಣ್ಣದು, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ ಹುಡುಕಬೇಕು. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಉಗುರಿನಿಂದ ಒರೆಯಬೇಡಿ. ಸೀಮೆಎಣ್ಣೆ, ಬೆಂಕಿಕಡ್ಡಿ ಪ್ರಯೋಗವೂ ಬೇಡ.

ಪ್ರಶ್ನೆ: ಕಾರವಾರದ ನಮಗೂ ಇದು ಬರುತ್ತದಾ? ಇಲ್ಲಿ ಇಲಿಜ್ವರದ ಮಾತೇ ಜಾಸ್ತಿ.
— ಓದುಗರು, ಕಾರವಾರ

ಉತ್ತರ: ಸಮುದ್ರದ ದಂಡೆಯಲ್ಲಿ ಕೂತವರಿಗೆ ಅಲ್ಲ, ಕಾಡಿನಂಚಿಗೆ ಹೋಗುವವರಿಗೆ. 1957ರಲ್ಲಿ ಸಿದ್ದಾಪುರದ ಗಡಿಯಾಚೆ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ 2015ರಲ್ಲಿ ನಿಮ್ಮ ಪಕ್ಕದ ಗೋವಾದಲ್ಲೂ, ಮರುವರ್ಷ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಮಳೆಗಾಲದಲ್ಲಿ ಗದ್ದೆ ನೀರಿಗೆ ಇಳಿದ ಮೇಲೆ ಜ್ವರ ಬಂದರೆ ಇಲಿಜ್ವರದ ಅನುಮಾನ. ಡಿಸೆಂಬರಿನಿಂದ ಮೇ ಒಳಗೆ ಕಾಡಿಗೆ ಹೋಗಿಬಂದ ಮೇಲೆ ಬಂದರೆ ಮಂಗನ ಕಾಯಿಲೆಯ ಅನುಮಾನ. ಎರಡರಲ್ಲೂ ಕಣ್ಣು ಕೆಂಪಾಗುತ್ತದೆ, ಮೀನಖಂಡ ನೋಯುತ್ತದೆ. ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಪ್ರಶ್ನೆ: ಮಂಗಗಳನ್ನೆಲ್ಲ ಓಡಿಸಿದರೆ ಕಾಯಿಲೆ ಹೋಗುತ್ತದಾ ಅಜ್ಜಿ?
— ಐದನೇ ತರಗತಿ, ಅಂಕೋಲಾ

ಉತ್ತರ: ಹೋಗುವುದಿಲ್ಲ ಪುಟ್ಟಾ. ಅದು ಇಲಿ, ಅಳಿಲುಗಳ ಮೈಮೇಲಿನ ಉಣುಗಿನಲ್ಲೂ ಇರುತ್ತದೆ. ಮಂಗ ಪಾಪ, ನಮಗಿಂತ ಮೊದಲು ಅದಕ್ಕೇ ಜ್ವರ ಬಂದು ಸಾಯುತ್ತದೆ. ಶಾಲೆಗೆ ಹೋಗುವ ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಕೋಲಿನಿಂದ ತಿವಿಯಬೇಡ. ಜಾಗ ನೆನಪಿಟ್ಟುಕೊಂಡು ಅವತ್ತೇ ಟೀಚರಿಗೋ ನಿಮ್ಮೂರ ಆಶಾ ಅಕ್ಕನಿಗೋ ಹೇಳು.