ಪೋಪ್ ಅಸಲಿಯಲ್ಲ ಎನ್ನುವ ಗಂಡ, ಜ್ಞಾನಸ್ನಾನ ಆಗದ ಮಗು

ಮಗುವಿಗೆ ಏಳು ತಿಂಗಳು. ಕ್ರೈಸ್ತ ಧರ್ಮಸಭೆಗೆ ಸೇರಿಸುವ ಜ್ಞಾನಸ್ನಾನ ಇನ್ನೂ ಆಗಿಲ್ಲ. ಕರಾವಳಿಯ ಕ್ಯಾಥೋಲಿಕ್ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ತೊಟ್ಟಿಲು ನೋಡಲು ಬಂದವರೆಲ್ಲ ಮೊದಲು ಕೇಳುವುದೇ ಅದನ್ನು. ಮಗುವಿನ ತಾಯಿ ಜಾಯ್ಸ್ ಸಲಹೆ ಕೇಳಿ ನನ್ನ ಹತ್ತಿರ ಬಂದದ್ದು ಈ ಕಾರಣಕ್ಕೆ. ಹೆಸರು, ಕೆಲಸ, ಮನೆಯ ವಿವರ ಎಲ್ಲವನ್ನೂ ಇಲ್ಲಿ ಬದಲಿಸಿದ್ದೇನೆ.

"ಮೇಡಂ, ಇವರು ಮಗುವನ್ನು ಇಗರ್ಜಿಗೆ ಕರ್ಕೊಂಡು ಹೋಗೋಕೆ ಬಿಡ್ತಾ ಇಲ್ಲ. ಈಗಿರುವ ಪೋಪ್ ಪೋಪೇ ಅಲ್ವಂತೆ. ಪೂಜೆಯಲ್ಲಿ ಅವರ ಹೆಸರು ಹೇಳಿ ಪ್ರಾರ್ಥಿಸುವ ಫಾದರ್ ಕೈಯಿಂದ ಏನೂ ಬೇಡ್ವಂತೆ."

ಗಂಡ ರೋಹನ್‌ಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕುಡಿತ ಇಲ್ಲ, ಕೈ ಎತ್ತುವುದಿಲ್ಲ, ರಾತ್ರಿಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ಒಂದು ದಿನವೂ ತಪ್ಪಿಸುವುದಿಲ್ಲ. ಜಾಯ್ಸ್‌ಗೆ ಅದೇ ದೊಡ್ಡ ತೊಡಕು. ಕುಡಿಯುವ ಗಂಡನ ಬಗ್ಗೆ ಅಮ್ಮನ ಹತ್ತಿರವಾದರೂ ಹೇಳಿ ಅಳಬಹುದು. ಜಾಸ್ತಿ ಪ್ರಾರ್ಥನೆ ಮಾಡುವ ಗಂಡನ ಮೇಲೆ ಏನಂತ ದೂರು ಕೊಡುವುದು?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಬೇರೆ ಧರ್ಮಗಳ ಬಗ್ಗೆ, ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಕ್ಯಾಥೋಲಿಕ್ ಧರ್ಮಸಭೆ ಮಾತಾಡುವ ರೀತಿಯೇ ಅಲ್ಲಿಂದ ಬದಲಾಯಿತು. 1969ರಲ್ಲಿ ಹೊಸ ಪೂಜಾವಿಧಿ ಬಂತು. ಲ್ಯಾಟಿನ್ ಹಿಂದೆ ಸರಿಯಿತು, ನಮ್ಮಲ್ಲಿ ಕೊಂಕಣಿ, ಕನ್ನಡ ಬಂದವು. ಇದನ್ನು ಒಪ್ಪದ ಒಂದು ಸಣ್ಣ ಗುಂಪು ಹೀಗೆ ವಾದ ಹೂಡಿತು: ನಿಜವಾದ ಪೋಪ್ ಇಂಥ ಬದಲಾವಣೆ ಮಾಡಲಾರ, ಆದ್ದರಿಂದ ಮಾಡಿದವರು ಪೋಪರೇ ಅಲ್ಲ. ಅವರ ಲೆಕ್ಕದಲ್ಲಿ 1958ರ ಅಕ್ಟೋಬರಿನಲ್ಲಿ ತೀರಿಹೋದ ಹನ್ನೆರಡನೇ ಪಿಯುಸ್ ಕೊನೆಯವರು. ಅಲ್ಲಿಂದೀಚೆಗೆ ಸಂತ ಪೇತ್ರರ ಪೀಠ, ಅಂದರೆ ಪೋಪ್ ಸ್ಥಾನ, ಖಾಲಿ. ಸೆಡೆವೇಕಾಂಟಿಸಂ ಅಂತ ಕರೆಯುವುದು ಇದನ್ನೇ.

ಇನ್ನೊಂದು ಗುಂಪು ಹೊಸದು. 2013ರಲ್ಲಿ ಹದಿನಾರನೇ ಬೆನೆಡಿಕ್ಟ್ ಕೊಟ್ಟ ರಾಜೀನಾಮೆ ಸರಿಯಾಗಿರಲಿಲ್ಲ, ಆದ್ದರಿಂದ ಫ್ರಾನ್ಸಿಸ್ ಪೋಪ್ ಆಗಲೇ ಇಲ್ಲ ಎನ್ನುವುದು ಅವರ ವಾದ.

ರೋಹನ್ ಶುರು ಮಾಡಿದ್ದು ಈ ಎರಡನೇ ವಾದದಿಂದ. 2022ರ ಡಿಸೆಂಬರ್ 31ರಂದು ಬೆನೆಡಿಕ್ಟ್ ತೀರಿಕೊಂಡರು. "ನಿಜವಾದ ಪೋಪ್" ಹೋದ ಮೇಲೆ ಮುಂದೇನು? ರೋಹನ್ ಊರ ಇಗರ್ಜಿಗೆ ವಾಪಸ್ ಬರಲಿಲ್ಲ. ಇನ್ನೂ ಹಿಂದಕ್ಕೆ, 1958ಕ್ಕೆ ಹೋದ. ಈಗ ಅವನ ಪ್ರಕಾರ ಬೆನೆಡಿಕ್ಟ್ ಕೂಡ ಪೋಪ್ ಆಗಿರಲಿಲ್ಲ! ಜಾಯ್ಸ್ ಇದನ್ನು ಹೇಳಿದಾಗ ನಾನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡೆ. ಕಾರಣಗಳು ಬದಲಾಗುತ್ತಿವೆ, ತೀರ್ಮಾನ ಮಾತ್ರ ಹಾಗೇ ಇದೆ. ಹಾಗಿದ್ದಾಗ ಆ ತೀರ್ಮಾನಕ್ಕೆ ಬೇರು ಬೇರೆಲ್ಲೋ ಇರುತ್ತದೆ.

ಬೇರು ಸಿಗಲು ಹೆಚ್ಚು ಹುಡುಕಬೇಕಾಗಲಿಲ್ಲ. ರೋಹನ್‌ನ ಅಪ್ಪ ಇಗರ್ಜಿಯ ಕಾಯರ್‌ನಲ್ಲಿ ಹಾಡುತ್ತಿದ್ದವರು. ಹಳೇ ಲ್ಯಾಟಿನ್ ಹಾಡುಗಳು ಬಾಯಿಪಾಠ. 2021ರ ಕೋವಿಡ್‌ನಲ್ಲಿ ಹೋದರು. ಮಣ್ಣು ಮಾಡುವಾಗ ಬೆರಳೆಣಿಕೆಯ ಜನ, ಅವಸರದ ಪ್ರಾರ್ಥನೆ, ಹಾಡಿಲ್ಲ. ಮಗ ದೂರದಿಂದ ಫೋನಿನಲ್ಲಿ ನೋಡಿದ. ಆಮೇಲೆ ಒಂದು ರಾತ್ರಿ ಹಳೆಯ ಕಾಲದ ಲ್ಯಾಟಿನ್ ಮರಣಪೂಜೆಯ ವಿಡಿಯೋ ಕಣ್ಣಿಗೆ ಬಿತ್ತು. ಅದರಲ್ಲಿ 'ದಿಯೆಸ್ ಈರೆ' ಹಾಡುತ್ತಿದ್ದರು. 1969ರ ನಂತರ ಮರಣಪೂಜೆಯಿಂದ ಬಿಟ್ಟುಹೋದ ಹಾಡು ಅದು. "ಅಪ್ಪನಿಗೆ ಸಿಗಬೇಕಿದ್ದದ್ದು ಇದು. ಇದನ್ನು ಯಾರು ಕಿತ್ತುಕೊಂಡರು ಅಂತ ಹುಡುಕಿದೆ" ಎಂದ ನನ್ನೆದುರು ಕೂತಾಗ. ಹುಡುಕಿದವನಿಗೆ ಉತ್ತರ ಕೊಡಲು ಇಂಟರ್‌ನೆಟ್‌ನಲ್ಲಿ ಜನ ಕಾಯುತ್ತಲೇ ಇದ್ದರು.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ದುಃಖವೇ ಮೂಲ ಎಂದುಕೊಂಡು ವಾದಕ್ಕೆ ಉತ್ತರ ಕೊಡದೇ ಇರಬಾರದು. "ಪಾಪ, ಅಪ್ಪ ಹೋದ ಬೇಸರ" ಅಂತ ತಲೆ ಸವರಿದರೆ ಓದಿಕೊಂಡ ಮನುಷ್ಯನಿಗೆ ಅವಮಾನ ಆಗುತ್ತದೆ. ಉತ್ತರವನ್ನೂ ಕೊಡಬೇಕು, ಸರಿಯಾದದ್ದನ್ನೇ ಕೊಡಬೇಕು. ನಾನು ಧರ್ಮಶಾಸ್ತ್ರ ಓದಿದವಳಲ್ಲ. ಹಾಗಾಗಿ ಧರ್ಮಸಭೆಯ ಕಾನೂನು ಬಲ್ಲ ಒಬ್ಬ ಹಿರಿಯ ಫಾದರ್ ಅವರನ್ನು ಕರೆದೆ. ರೋಹನ್ ಬರಲು ಒಪ್ಪಿದ, ಆದರೆ "ಫಾದರ್" ಅನ್ನಲು ಒಪ್ಪಲಿಲ್ಲ. 1968ರಲ್ಲಿ ಗುರುದೀಕ್ಷೆಯ ವಿಧಿ ಬದಲಾಗಿದೆ, ಆಮೇಲೆ ದೀಕ್ಷೆ ಪಡೆದವರು ಪಾದ್ರಿಗಳೋ ಅಲ್ಲವೋ ಅನುಮಾನ ಅಂತ. "ಸರ್ ಅಂತ ಕರಿ, ಸಾಕು" ಎಂದು ಅವರು ನಕ್ಕರು. ಅರ್ಧ ಬಿಗಿ ಅಲ್ಲೇ ಸಡಿಲವಾಯಿತು.

ಅವರು ಮಾಡಿದ ಒಳ್ಳೆಯ ಕೆಲಸ ಎಂದರೆ, ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿದ್ದು. ಪೋಪ್ ತಪ್ಪು ಮಾಡಬಹುದು. ಸಂತ ಪೌಲರು ಅಂತಿಯೋಕ್ಯದಲ್ಲಿ ಮೊದಲ ಪೋಪ್ ಎನಿಸಿದ ಸಂತ ಪೇತ್ರರನ್ನೇ ಮುಖಕ್ಕೆ ಮುಖ ಕೊಟ್ಟು ವಿರೋಧಿಸಿದ್ದು ಗಲಾತ್ಯರ ಪತ್ರದಲ್ಲೇ ಇದೆ. ಹದಿನಾಲ್ಕನೇ ಶತಮಾನದಲ್ಲಿ ಇಪ್ಪತ್ತೆರಡನೇ ಜಾನ್ ಎಂಬ ಪೋಪ್, ಸತ್ತ ಪುಣ್ಯವಂತರು ಕಡೇ ತೀರ್ಪಿನ ತನಕ ದೇವರನ್ನು ಪೂರ್ತಿ ಕಾಣುವುದಿಲ್ಲ ಎಂದು ಪ್ರವಚನ ಮಾಡಿದರು. ಪಂಡಿತರು ಎದುರು ನಿಂತರು. 1334ರಲ್ಲಿ ಸಾಯುವ ಮುಂಚೆ ಆ ಮಾತು ಹಿಂದಕ್ಕೆ ತಗೊಂಡರು. ಪೋಪರ ಪಟ್ಟಿಯಲ್ಲಿ ಇಂದಿಗೂ ಅವರ ಹೆಸರಿದೆ. 2016ರಲ್ಲಿ ಫ್ರಾನ್ಸಿಸ್ ಅವರಿಗೆ ಲಿಖಿತ ಪ್ರಶ್ನೆ ಹಾಕಿದ ನಾಲ್ವರು ಕಾರ್ಡಿನಲ್‌ಗಳು ಕೂಡ ಅವರನ್ನು ಪೋಪ್ ಎಂದು ಒಪ್ಪಿಯೇ ಕೇಳಿದವರು. ಪೋಪರ ಮಾತು ಹಿಡಿಸದೇ ಇರುವುದು ಬೇರೆ, ಹಳೆಯ ಪೂಜೆಯ ಮೇಲೆ ಪ್ರೀತಿ ಇರುವುದು ಬೇರೆ, ಅವರು ಪೋಪೇ ಅಲ್ಲ ಎನ್ನುವುದು ಬೇರೆ. ಮೊದಲೆರಡಕ್ಕೆ ಧರ್ಮಸಭೆಯೊಳಗೆ ಜಾಗ ಇದೆ.

ರೋಹನ್ ರಾಜೀನಾಮೆಯ ವಿಷಯ ಎತ್ತಿದ. ಅವನೇ ಬಿಟ್ಟ ವಾದ, ಆದರೂ ಪರೀಕ್ಷೆ ಮಾಡುವ ಆಸೆ. ಬೆನೆಡಿಕ್ಟ್ ತಮ್ಮ ಲ್ಯಾಟಿನ್ ಪತ್ರದಲ್ಲಿ ಪದವಿ ಬಿಡುತ್ತೇನೆ ಎನ್ನುವ ಕಡೆ ಸೇವೆ ಬಿಡುತ್ತೇನೆ ಎಂದಿದ್ದಾರಂತೆ. ಫಾದರ್ ಅದೇ ವಾಕ್ಯದ ಮುಂದಿನ ಭಾಗ ಓದಿಸಿದರು. ಫೆಬ್ರವರಿ 28ರ ರಾತ್ರಿ ಎಂಟಕ್ಕೆ ಸಂತ ಪೇತ್ರರ ಪೀಠ ಖಾಲಿಯಾಗುತ್ತದೆ, ಹೊಸಬರನ್ನು ಆರಿಸಲು ಸಭೆ ಕರೆಯಬೇಕು ಅಂತ ಅಲ್ಲೇ ಇದೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ರಾಜೀನಾಮೆಯ ಬಗ್ಗೆ ಒಂದಿಷ್ಟೂ ಅನುಮಾನ ಬೇಡ ಎಂದು ಬೆನೆಡಿಕ್ಟ್ ಅವರೇ 2014ರಲ್ಲಿ ಒಬ್ಬ ಪತ್ರಕರ್ತರಿಗೆ ಬರೆದು ತಿಳಿಸಿದ್ದರು.

1958ರ ವಾದಕ್ಕೆ ಹಿಡಿತ ಜಾಸ್ತಿ. ಪೋಪ್ ಬಹಿರಂಗವಾಗಿ ಧರ್ಮದ್ರೋಹಿಯಾದರೆ ಪದವಿ ತಾನಾಗಿ ಹೋಗುತ್ತದೆ ಎಂದು ಸಂತ ರಾಬರ್ಟ್ ಬೆಲ್ಲಾರ್ಮಿನ್ ಬರೆದದ್ದು ನಿಜ. ರೋಹನ್ ಅದನ್ನು ಪುಟ ಸಮೇತ ತಂದಿದ್ದ. ಅದು ಪಂಡಿತರ ಹಲವು ಅಭಿಪ್ರಾಯಗಳಲ್ಲಿ ಒಂದು, ಇಂಥದ್ದು ನಡೆಯಲು ದೇವರು ಬಿಡಲಾರ ಎನ್ನುವ ಕಡೆಗೂ ಅದೇ ಬೆಲ್ಲಾರ್ಮಿನ್ ವಾಲಿದ್ದರು ಎಂದರು ಫಾದರ್. ನಂತರ ಕೇಳಿದ ಪ್ರಶ್ನೆ ನನಗೆ ಮುಖ್ಯ ಅನ್ನಿಸಿತು. "ದ್ರೋಹ ಆಗಿದೆ ಅಂತ ತೀರ್ಪು ಕೊಡುವವರು ಯಾರು? ನೀನಾ?" ರೋಮಿನ ಪೀಠಕ್ಕೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ ಎಂಬ ನಿಯಮ ಧರ್ಮಸಭೆಯ ಈಗಿನ ಕಾನೂನು ಪುಸ್ತಕವಾದ 1983ರ ಸಂಹಿತೆಯಲ್ಲಿದೆ. ರೋಹನ್ ಒಪ್ಪುವ 1917ರ ಸಂಹಿತೆಯಲ್ಲೂ ಇದೆ.

ಇನ್ನೊಂದು ತೊಡಕು. ಪೀಠ ಖಾಲಿಯಾಗಿದ್ದರೆ ತುಂಬುವವರು ಯಾರು? ಪೋಪರನ್ನು ಆರಿಸುವವರು ಕಾರ್ಡಿನಲ್‌ಗಳು. ಹನ್ನೆರಡನೇ ಪಿಯುಸ್ ನೇಮಿಸಿದ ಕಾರ್ಡಿನಲ್‌ಗಳು ಒಬ್ಬರೂ ಈಗ ಬದುಕಿಲ್ಲ. ಪೇತ್ರರಿಗೆ ಉತ್ತರಾಧಿಕಾರಿಗಳು ನಿರಂತರವಾಗಿ ಇರುತ್ತಾರೆ ಎಂದು ಸಾರಿದ್ದು 1870ರ ಮೊದಲ ವ್ಯಾಟಿಕನ್ ಮಹಾಸಭೆ, ಅಂದರೆ ಹಳೆಯದೇ. ಹಾಗಾದರೆ ದಾರಿ? 1990ರಲ್ಲಿ ಅಮೆರಿಕದ ಕಾನ್ಸಸ್‌ನಲ್ಲಿ ಆರು ಜನ ಸೇರಿ ಒಬ್ಬ ಯುವಕನನ್ನು ಪೋಪ್ ಅಂತ ಆರಿಸಿಬಿಟ್ಟರು. ಆರರಲ್ಲಿ ಅವನೂ ಒಬ್ಬ, ಅವನ ಅಪ್ಪ ಅಮ್ಮ ಇಬ್ಬರು. ಅವನು 'ಮೈಕಲ್' ಎಂಬ ಹೆಸರಿನಲ್ಲಿ 2022ರಲ್ಲಿ ಸಾಯುವ ತನಕ ಪೋಪ್ ಆಗಿದ್ದ. ರೋಹನ್‌ಗೆ ಇದು ಗೊತ್ತಿತ್ತು. "ಅವರೆಲ್ಲ ಹುಚ್ಚರು ಸರ್" ಎಂದ. "ಇಲ್ಲ, ನಿನ್ನ ವಾದವನ್ನು ಕೊನೇ ತನಕ ನಡೆಸಿದವರು" ಎಂದರು ಫಾದರ್.

ಲ್ಯಾಟಿನ್ ಪೂಜೆಗಾಗಿ ರೋಮಿನೊಂದಿಗೆ ಜಟಾಪಟಿ ಮಾಡಿದ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಅವರ ಮಾತೂ ಬಂತು. 1988ರಲ್ಲಿ ಅನುಮತಿಯಿಲ್ಲದೆ ನಾಲ್ವರು ಬಿಷಪರನ್ನು ಅಭಿಷೇಕಿಸಿ ಬಹಿಷ್ಕಾರಕ್ಕೆ ಒಳಗಾದವರು. ಅಷ್ಟು ದೂರ ಹೋದವರೂ ಪೀಠ ಖಾಲಿ ಎಂಬ ನಿಲುವು ತಗೊಳ್ಳಲಿಲ್ಲ. ಈ ಮಾತಿಗೆ ರೋಹನ್ ಸುಮ್ಮನಾದ.

ಆದರೂ ಅವನನ್ನು ಬದಲಿಸಿದ್ದು ಈ ಚರ್ಚೆ ಎಂದು ನನಗೆ ಅನ್ನಿಸುವುದಿಲ್ಲ. ಕೆಲಸ ಮಾಡಿದ್ದು ಮಗುವಿನ ಲೆಕ್ಕ. ಜ್ಞಾನಸ್ನಾನ ಕೊಡಲು ಪಾದ್ರಿಯೇ ಬೇಕೆಂದಿಲ್ಲ. ತುರ್ತಿನಲ್ಲಿ ನೀರು ಹೊಯ್ದು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಯಾರು ಬೇಕಾದರೂ ಕೊಡಬಹುದು, ಹೊಸಬರೂ ಹಳಬರೂ ಇದನ್ನು ಒಪ್ಪುತ್ತಾರೆ. ಹಾಗಾಗಿ ಊರ ಫಾದರ್‌ನ ಗುರುದೀಕ್ಷೆಯ ಬಗ್ಗೆ ಎಷ್ಟೇ ಅನುಮಾನ ಇರಲಿ, ಅವರು ಕೊಡುವ ಜ್ಞಾನಸ್ನಾನಕ್ಕೆ ಅದು ತಾಗುವುದಿಲ್ಲ. ಮತ್ತೆ ಹಳೆಯ 1917ರ ಸಂಹಿತೆ ಏನನ್ನುತ್ತದೆ? ಶಿಶುಗಳಿಗೆ ಆದಷ್ಟು ಬೇಗ ಜ್ಞಾನಸ್ನಾನ ಆಗಬೇಕು. "ನಿನ್ನದೇ ಕಾನೂನಿನ ಪ್ರಕಾರ ನೀನು ಏಳು ತಿಂಗಳಿಂದ ಕಾನೂನು ಮುರಿಯುತ್ತಿದ್ದೀಯ" ಎಂದರು ಫಾದರ್. ಅದನ್ನು ಅವನು ನಿರೀಕ್ಷಿಸಿರಲಿಲ್ಲ.

ಇನ್ನೊಂದು ಮಾತು ಹೇಳಿದವರು ಅವನ ಅಮ್ಮ. ಉಡುಪಿ ಕಡೆಯವರು. ಒಂದು ದಿನ ಜೊತೆಗೆ ಬಂದು ಮೂಲೆಯಲ್ಲಿ ಕೂತಿದ್ದರು. "ಬಾಬಾ, ಬ್ರಹ್ಮಾವರದ್ದು ನೆನಪಿಲ್ವಾ ನಿಂಗೆ?" ಎಂದರು. ಹಿಂದೆ ಕರಾವಳಿಯ ಎಷ್ಟೋ ಇಗರ್ಜಿಗಳು ಗೋವಾದ ಪದ್ರುವಾದೊ (ಪೋರ್ಚುಗಲ್ ರಾಜರ ಆಶ್ರಯದ) ಆಡಳಿತದಲ್ಲಿದ್ದವು. 1886ರಲ್ಲಿ ರೋಮಿಗೂ ಪೋರ್ಚುಗಲ್‌ಗೂ ಒಪ್ಪಂದ ಆಯಿತು, ಗಡಿಗಳು ಬದಲಾದವು. ಗೋವಾದ ಪಾದ್ರಿ ಅಲ್ವಾರಿಸ್, ಬ್ರಹ್ಮಾವರದ ಪಾದ್ರಿ ರೋಕ್ ಜೆಫಿರಿನ್ ನೊರೊನ್ಹಾ ರೋಮಿನಿಂದ ಬೇರೆಯಾದರು. 1889ರಲ್ಲಿ ಅಲ್ವಾರಿಸ್ ಕೇರಳದ ಸಿರಿಯನ್ ಬಿಷಪರಿಂದ ಅಭಿಷೇಕ ಪಡೆದರು. ಅವರ ಹಿಂದೆ ಹೋದ ಮನೆತನಗಳು ಇವತ್ತಿಗೂ ಆರ್ಥಡಾಕ್ಸ್ ಸಭೆಯಲ್ಲಿವೆ. ಗೌರವದ ಜನ, ಪೋಪ್ ಸುಳ್ಳು ಎನ್ನುವ ಜಗಳವೂ ಅಲ್ಲ ಅದು. ಅಮ್ಮ ಹೇಳಿದ್ದು ಇಷ್ಟೇ: "ಅವರು ಊರಿಗೆ ಊರೇ ಒಟ್ಟಿಗೆ ಹೋದ್ರು. ನೀನು ಯಾರ ಒಟ್ಟಿಗೆ ಹೋಗ್ತಾ ಇದ್ದಿ? ಫೋನಿನ ಒಟ್ಟಿಗಾ?"

ಜಾಯ್ಸ್‌ಗೆ ನಾನು ಕೊಟ್ಟ ಸಲಹೆ ಬೇರೆಯೇ. ರಾತ್ರಿ ಹತ್ತರ ಮೇಲೆ ಪೋಪರ ವಿಷಯಕ್ಕೆ ವಾದ ಬೇಡ. ಅವನು ತೋರಿಸಿದ ವಿಡಿಯೋಗೆ ಎದುರು ವಿಡಿಯೋ ತೋರಿಸುವುದು ಬೇಡ, ಅದು ಮುಗಿಯದ ಆಟ. ನೆಂಟರೆದುರು ಗೇಲಿ ಮಾಡಬಾರದು, ಮಾಡಲು ಬಿಡಲೂಬಾರದು. ಆದರೆ ಮಗುವಿನ ವಿಷಯದಲ್ಲಿ ಇಬ್ಬರಿಗೂ ಸಮಾನ ಮಾತಿದೆ, ಅದನ್ನು ಬಿಟ್ಟುಕೊಡಬೇಡ. ಕದ್ದು ಜ್ಞಾನಸ್ನಾನ ಮಾಡಿಸಿಬಿಡಲಾ ಅಂತ ಅವಳು ಕೇಳಿದ್ದಳು. ಬೇಡ ಎಂದೆ. ಒಮ್ಮೆ ಕದ್ದು ಮಾಡಿದರೆ ಮುಂದೆ ಮನೆಯ ಪ್ರತಿ ನಿರ್ಧಾರಕ್ಕೂ ಅದು ಅಡ್ಡ ಬರುತ್ತದೆ. ವಿದೇಶದ ಗುಂಪೊಂದಕ್ಕೆ ಅವನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ. ಅದಕ್ಕೆ ಮಿತಿ ಹಾಕಿ, ಲೆಕ್ಕ ಇಬ್ಬರಿಗೂ ಕಾಣುವಂತಿರಲಿ ಎಂದೆ. ನಿದ್ದೆ, ಕೆಲಸ ಕೆಟ್ಟರೆ ಅಥವಾ ತನಗೊಬ್ಬನಿಗೇ ಸತ್ಯ ತಿಳಿಸಲಾಗಿದೆ ಎಂಬ ಮಾತು ಶುರುವಾದರೆ ನನ್ನ ಹತ್ತಿರ ಅಲ್ಲ, ಮನೋವೈದ್ಯರ ಹತ್ತಿರ ಹೋಗಬೇಕು ಅಂತಲೂ ತಿಳಿಸಿದೆ. ಇವನಲ್ಲಿ ಅಂಥದ್ದೇನೂ ಕಾಣಲಿಲ್ಲ.

ರೋಹನ್‌ಗೆ ನಾನು ಕೇಳಿದ್ದು ಒಂದು: ಅಪ್ಪನಿಗಾಗಿ ಒಂದು ಪೂಜೆ. ಹಳೆಯ ವಿಧಿಯ ಪೂಜೆಗೆ 2021ರಿಂದ ಬಿಷಪರ ಅನುಮತಿ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಆದರೆ ಈಗಿನ ವಿಧಿಯನ್ನೇ ಲ್ಯಾಟಿನ್‌ನಲ್ಲಿ ಅರ್ಪಿಸಲು ಅಡ್ಡಿ ಇಲ್ಲ. ಈ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕಾಯರ್‌ನ ಹಳಬರು ಇನ್ನೂ ಕೆಲವರಿದ್ದಾರೆ, ಹಾಡು ಅವರಿಗೆ ಬರುತ್ತದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಮಗುವಿಗೆ ಜ್ಞಾನಸ್ನಾನ ಆಯಿತು, ಊರ ಇಗರ್ಜಿಯಲ್ಲೇ. ರೋಹನ್ ಬಂದಿದ್ದ, ದೀಪವನ್ನೂ ಹಿಡಿದ. ಭಾನುವಾರದ ಪೂಜೆಗೆ ಇನ್ನೂ ಹೋಗುತ್ತಿಲ್ಲ. ಈಗಿನ ಪೋಪ್ ಹದಿನಾಲ್ಕನೇ ಲಿಯೋ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದರೆ "ಓದ್ತಾ ಇದ್ದೀನಿ" ಅನ್ನುತ್ತಾನೆ. ಜಾಯ್ಸ್ ಮಗುವನ್ನು ಎತ್ತಿಕೊಂಡು ಅತ್ತೆಯ ಜೊತೆ ಹೋಗುತ್ತಾಳೆ. ಅಪ್ಪನ ಪೂಜೆಯ ವಿಷಯ ಮಾತಾಡಲು ಫಾದರ್ ಹತ್ತಿರ ಅವನೇ ಹೋಗಿ ಬಂದನಂತೆ. ಈಗಲೂ ಸರ್ ಅಂತಲೇ ಕರೆಯುತ್ತಾನಂತೆ.