ತಂಬಾಕು ಸೇದುವ ಪೈಪಿಗೆ ಬೀಟೆ ಮರ ಆಗುತ್ತಾ? ಪೈಪಿಗೆ ಬಳಸುವ ಬ್ರಯರ್, ಚೆರ್ರಿ ಎರಡಕ್ಕಿಂತಲೂ ಬೀಟೆ ಗಟ್ಟಿ ಅಲ್ವಾ? ಬಾಯಿಗೆ ಯಾವ ಮರ ಸೇಫ್?

ಗಟ್ಟಿ ಹೌದು. ಆದರೆ ಪೈಪಿಗೆ ಬೇಡ. ಉಡುಪಿ ಹತ್ತಿರದ ಅಜ್ಜನ ಮನೆ ಕಳಚುವಾಗ ದಾರಂದದ ಒಂದು ಬೀಟೆ ತುಂಡು ಇಟ್ಟುಕೊಂಡಿದ್ದೆ. ಮಂಗಳೂರಿನ ಒಬ್ಬರು ಆಚಾರಿ ಹತ್ತಿರ ಲೇತಿನಲ್ಲಿ ಪೈಪ್ ಮಾಡಿಸಿದೆ. "ಬೆಂಕಿ ಇಡ್ಲಿಕ್ಕೆ ಬೀಟೆಯಾ ಮಾರಾಯ್ರೆ?" ಅಂತ ಅವರು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ತಪ್ಪಿದ್ದು ಎಲ್ಲಿ ಅಂದರೆ, ಗಟ್ಟಿ ಮರ ಬೆಂಕಿಯನ್ನೂ ತಡೆಯುತ್ತದೆ ಅಂದುಕೊಂಡದ್ದು. ಅದು ಬೇರೆ, ಇದು ಬೇರೆ. ದಾರಂದಕ್ಕೆ ಬೀಟೆ ಯಾಕೆ ಹಾಕುತ್ತಿದ್ದರು? ಗೆದ್ದಲು ಹಿಡಿಯುವುದಿಲ್ಲ ಅಂತ. ಗೆದ್ದಲು ಯಾಕೆ ಹಿಡಿಯುವುದಿಲ್ಲ? ಮರದೊಳಗಿನ ಎಣ್ಣೆ, ರಸದಿಂದ. ಪೈಪಿನಲ್ಲಿ ಕೆಂಡ ಕೂತಾಗ ಅದೇ ರಸ ಕಾದು ಹೊಗೆ ಜೊತೆ ಬಾಯಿಗೆ ಬರುತ್ತದೆ. ಮನೆಗೆ ಒಳ್ಳೆಯದಾದ ಗುಣವೇ ಪೈಪಿಗೆ ಕೆಟ್ಟದ್ದು. ತಂಬಾಕು ಬದಲಿಸಿದೆ, ಕಹಿ ಹೋಗಲಿಲ್ಲ. ತುಟಿ ತುರಿಸಿ ಊದಿತು, ಬೀಟೆ ಜಾತಿಯ ಮರ ಕೆಲವರಿಗೆ ಅಲರ್ಜಿ ಅಂತ ಚರ್ಮದ ಡಾಕ್ಟರ್ ಹೇಳಿದರು. ಕಡೆಗೆ ತಳ ಸುಟ್ಟು ತೂತಾಯಿತು. ದುಡ್ಡು ಹೋದರೆ ಹೋಗಲಿ, ಆ ಮನೆಯದ್ದು ಅಂತ ನನ್ನ ಹತ್ತಿರ ಇದ್ದದ್ದು ಅದೊಂದೇ ತುಂಡು.

ಬ್ರಯರ್ ಕಾಂಡದ ಮರವೇ ಅಲ್ಲ. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಎರಿಕಾ ಆರ್ಬೋರಿಯಾ ಅನ್ನುವ ಗಿಡದ ಬುಡದ ಗಂಟು ಅದು. ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬೀಟೆಯಲ್ಲಿ ನನಗೆ ಕಾಟ ಕೊಟ್ಟದ್ದನ್ನು ಇಲ್ಲಿ ಮೊದಲೇ ತೆಗೆದಿರುತ್ತಾರೆ, ಹಾಗಾಗಿ ನನ್ನ ಓಟು ಬ್ರಯರಿಗೇ. ಚೆರ್ರಿ, ಪೇರ್ ಹಗುರ, ಬೇಗ ಕರಕಾಗುತ್ತವೆ. ದುಡ್ಡು ಕಡಿಮೆ ಇದ್ದರೆ ಜೋಳದ ದಿಂಡಿನದ್ದು ನೋಡಿ, ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಿದ್ದಾರೆ.

ಬಾಯಿಗೆ ಯಾವ ಮರ ಸೇಫ್ ಅಂತಲೂ ಕೇಳಿದ್ದೀರಿ. ಯಾವುದೂ ಅಲ್ಲ. ಬಾಯಿ ಕ್ಯಾನ್ಸರ್ ತರುವುದು ತಂಬಾಕು, ಮರ ಬದಲಿಸಿದರೆ ಅದು ತಪ್ಪುವುದಿಲ್ಲ. ಈ ಪ್ರಶ್ನೆಗೆ ಮರ ಹೋಲಿಸುತ್ತಾ ಕೂರುವುದು ಸುಮ್ನೆ.

ಹಾಗಿದ್ದೂ ತೆಗೆದುಕೊಳ್ಳುವುದಾದರೆ, ನಮ್ಮ ಮಳೆಗಾಲದಲ್ಲಿ ಒದ್ದೆ ಪೈಪನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೂಸ್ಟು ಬರುತ್ತದೆ. ಒಳಗೆ ಒರೆಸಿ, ಗಾಳಿಯಾಡುವ ಕಡೆ ಇಡಿ, ಪೂರ್ತಿ ಒಣಗದೆ ಮತ್ತೆ ತುಂಬಬೇಡಿ.