ಶಿಲುಬೆ ಕಲ್ಲಿನ ಮೇಲೆ ಲೋಕಿಗೇನು ಕೆಲಸ?

ಪ್ರಶ್ನೆ: ಇಂಗ್ಲೆಂಡಿನ ಗಾಸ್‌ಫರ್ತ್ ಹಳ್ಳಿಯ ಚರ್ಚ್ ಅಂಗಳದಲ್ಲಿರುವ ಹಳೇ ಶಿಲುಬೆ ಕಲ್ಲಿನ ಫೋಟೋ ನೋಡಿದೆ. ಯೇಸುವಿನ ಜೊತೆ ಹಾವು, ತೋಳ, ಕೈಕಾಲು ಕಟ್ಟಿಸಿಕೊಂಡು ಬಿದ್ದಿರುವ ಒಬ್ಬ ಮನುಷ್ಯ ಎಲ್ಲಾ ಇದ್ದಾರೆ. ಚರ್ಚಿನಲ್ಲಿ ಇವರಿಗೆ ಜಾಗ ಹೇಗೆ ಸಿಕ್ಕಿತು?

ಉತ್ತರ: ಕಟ್ಟಿಸಿಕೊಂಡವನು ಕಿತಾಪತಿ ದೇವತೆ ಲೋಕಿ ಅಂತ ಬಲ್ಲವರು ಗುರುತಿಸಿದ್ದಾರೆ. ಉತ್ತರ ಯುರೋಪಿನಿಂದ ಹಡಗೇರಿ ಬಂದ ವೈಕಿಂಗರ ಕಥೆಯಲ್ಲಿ ದೇವತೆಗಳು ಅವನನ್ನು ಬಂಡೆಗೆ ಕಟ್ಟಿ, ತಲೆಯ ಮೇಲೆ ವಿಷ ತೊಟ್ಟಿಕ್ಕುವ ಹಾವನ್ನು ಇಡುತ್ತಾರೆ. ಹೆಂಡತಿ ಸಿಗಿನ್ ಬಟ್ಟಲು ಹಿಡಿದು, ಆ ವಿಷ ಗಂಡನ ಮೇಲೆ ಬೀಳದ ಹಾಗೆ ಕಾಯುತ್ತಾಳೆ. ಕಲ್ಲಿನಲ್ಲಿ ಅವಳೂ ಇದ್ದಾಳೆ, ಕೈಯಲ್ಲಿ ಬಟ್ಟಲೂ ಇದೆ! ಇನ್ನೊಂದು ಮುಖದಲ್ಲಿ ತೋಳದ ಬಾಯಿಗೆ ಕಾಲಿಟ್ಟು ದವಡೆ ಸೀಳುತ್ತಿರುವವನು ವಿದಾರ್ ಎಂಬ ದೇವತೆ, ಇದು ಹಳೇ ದೇವರುಗಳ ಲೋಕ ಮುಗಿಯುವಾಗಿನ ಕಾಳಗದ ದೃಶ್ಯ. ಅದೇ ಮುಖದಲ್ಲಿ, ಅವನ ಕೆಳಗೆ, ಶಿಲುಬೆಗೇರಿದ ಯೇಸು.

ಇದನ್ನು ಕೆತ್ತಿದ್ದು 10ನೇ ಶತಮಾನದಲ್ಲಿ. ಗಾಸ್‌ಫರ್ತ್ ಇರುವ ಕಂಬ್ರಿಯಾ ಸೀಮೆಯ ಆ ಕರಾವಳಿಯಲ್ಲಿ ಆಗ ವೈಕಿಂಗರು ನೆಲೆ ನಿಂತು, ನಿಧಾನವಾಗಿ ಕ್ರೈಸ್ತರಾಗುತ್ತಿದ್ದರು. ಅಜ್ಜಿ ಹೇಳಿದ ಕಥೆಗಳನ್ನು ಯಾರೂ ಒಂದೇ ದಿನಕ್ಕೆ ಮರೆಯೋದಿಲ್ಲ, ಅಲ್ವಾ? ಹಳೇ ದೇವರುಗಳ ಲೋಕ ಮುಗಿಯುವ ಕಥೆ ಅವರಿಗೆ ಬಾಯಿಪಾಠ, ಅದರ ಪಕ್ಕದಲ್ಲೇ ಯೇಸುವಿನ ಗೆಲುವನ್ನು ಇಟ್ಟರೆ ಹೊಸ ಧರ್ಮದ ಮಾತು ತಾನಾಗಿ ಅರ್ಥವಾಗುತ್ತದೆ. ಇದನ್ನು ಸುಮ್ನೆ ಕಲಬೆರಕೆ ಅನ್ನೋದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ಮೀಟರಿಗಿಂತ ಎತ್ತರದ ಆ ಸಣಕಲು ಕಂಬದಲ್ಲಿ ಯಾವ ಚಿತ್ರ ಎಲ್ಲಿ ಬರಬೇಕು ಅಂತ ತುಂಬಾ ಯೋಚಿಸಿಯೇ ಉಳಿ ಹಿಡಿದಿದ್ದಾರೆ.

ಪ್ರಶ್ನೆ: ಇಂಥ ಕಲ್ಲುಗಳನ್ನು ಮಳೆ, ಚಳಿಯಲ್ಲಿ ಬಿಡುವ ಬದಲು ಒಳಗೆ ಇಡಬಾರದೇ? ಪಾಚಿಯನ್ನಾದರೂ ಉಜ್ಜಿ ತೆಗೆಯಬಹುದಲ್ಲ?

ಉತ್ತರ: ಕೆಲವನ್ನು ಇಟ್ಟಿದ್ದಾರೆ. ಸ್ಕಾಟ್ಲೆಂಡಿನ ರತ್‌ವೆಲ್ ಶಿಲುಬೆಯನ್ನು 1642ರಲ್ಲಿ ವಿಗ್ರಹಾರಾಧನೆ ಅಂತ ಒಡೆದು ಹಾಕಿದ್ದರು. 19ನೇ ಶತಮಾನದಲ್ಲಿ ಪಾದ್ರಿ ಹೆನ್ರಿ ಡಂಕನ್ ಚೂರುಗಳನ್ನು ಹುಡುಕಿ ಜೋಡಿಸಿದರು. 1887ರಿಂದ ಅದು ಚರ್ಚಿನ ಒಳಗಿದೆ. ಸ್ಕಾಟ್ಲೆಂಡಿನದೇ ಇನ್ನೊಂದು ಹಳ್ಳಿ ಅಬರ್‌ಲೆಮ್ನೋದಲ್ಲಿ ದಾರಿ ಬೇರೆ: ಯುದ್ಧದ ಚಿತ್ರವಿರುವ ಕಲ್ಲು ಚರ್ಚ್ ಅಂಗಳದಲ್ಲೇ ಇದೆ, ಚಳಿಗಾಲದಲ್ಲಿ ಅದಕ್ಕೆ ಮರದ ಪೆಟ್ಟಿಗೆ ಮುಚ್ಚುತ್ತಾರೆ. ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿದ ನೀರು ಹೆಪ್ಪುಗಟ್ಟಿದರೆ ಹಿಗ್ಗಿ, ಕಲ್ಲಿನ ಪದರವನ್ನೇ ಎಬ್ಬಿಸುತ್ತದೆ. ನನಗಂತೂ ಈ ದಾರಿಯೇ ಇಷ್ಟ, ಯಾಕಂದ್ರೆ ಕಲ್ಲು ತನ್ನ ಊರಲ್ಲೇ ಉಳಿಯುತ್ತದೆ.

ಉಜ್ಜೋದು ಮಾತ್ರ ಬೇಡವೇ ಬೇಡ. ಕಲ್ಲಿಗೆ ಅಂಟಿ ಬೆಳೆಯುವ ಪಾಚಿಯಂಥ ಕಲ್ಲುಹೂವು ಕಿತ್ತರೆ ಅದರ ಜೊತೆ ಕೆತ್ತನೆಯ ಹುಡಿಯೂ ಬರುತ್ತದೆ. ಗೆರೆ ಕಾಣಲಿ ಅಂತ ಸೀಮೆಸುಣ್ಣ ಬಳಿಯೋದೂ ತಪ್ಪು. ಸಂಜೆಯ ಓರೆ ಬಿಸಿಲಿಗೆ ಕಾಯಿರಿ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಮಧ್ಯಾಹ್ನ ಬೋಳಾಗಿ ಕಂಡಿದ್ದ ಕಡೆಯೂ ಹೆಣಿಗೆಯಂಥ ಕೆತ್ತನೆ ಎದ್ದು ಕಾಣುತ್ತದೆ.